ಅಪ್ಪನ ಕಾರಿನ ಕೆಂಪೆಣ್ಣೆ ಪೈಪು

ಬೇರೆಯವರ ಮನೆಯಲ್ಲಿ ಒಂದು ವಸ್ತು ಕೆಟ್ಟರೆ ರಿಪೇರಿಯವನು ಬರುತ್ತಾನೆ, ಸರಿ ಮಾಡುತ್ತಾನೆ, ಚಾ ಕುಡಿದು ಹೋಗುತ್ತಾನೆ. ನಮ್ಮ ಮನೆಯಲ್ಲಿ ಹಾಗಲ್ಲ. ಮೊದಲು ಕಡಿಮೆಯೆಂದರೂ ಹತ್ತು ಜನರ ಎದೆ ಧಸಕ್ಕೆನ್ನಬೇಕು, ಆಮೇಲೆ ರಿಪೇರಿಯ ಮಾತು. ಮಿಕ್ಸಿ ಕೆಟ್ಟರೂ ಹೀಗೆಯೇ, ಗೀಸರ್ ಕೆಟ್ಟರೂ ಹೀಗೆಯೇ. ಆದರೆ ನನ್ನ ಮದುವೆ ಗೊತ್ತಾದ ವರ್ಷ ಅಪ್ಪನ ಕಾರಿನ ಒಂದು ಪೈಪು ಸೋರಿದ್ದಕ್ಕೆ ಆದಷ್ಟು ಗಾಬರಿ ಬೇರೆ ಯಾವುದಕ್ಕೂ ಆಗಿಲ್ಲ.

ಅಪ್ಪನಿಗೆ ಠಾಣೆಯ ನೌಪಾಡಾದಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲು. ನಮ್ಮ ಮನೆ ಡೊಂಬಿವಲಿಯಲ್ಲಿ. ಹೋಟೆಲಿಗೆ ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಹಿರಿಯರೊಬ್ಬರು ಮಗಳ ಮನೆಗೆ ಪುಣೆಗೆ ಹೊರಟಾಗ ತಮ್ಮ ಹಳೆಯ ಜರ್ಮನ್ ಕಾರನ್ನು ಅಪ್ಪನಿಗೆ ಮಾರಿದರು. ಕಾರು ನನಗಿಂತ ಹಿರಿಯದು. ಉದ್ದ ಮೂತಿ, ಕೆನೆ ಬಣ್ಣ, ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದ ಶಬ್ದ. ಅಮ್ಮ ಅದನ್ನು ಕಂಡದ್ದೇ, "ಎಂತ ಮಾರ್ರೆ, ಇದಕ್ಕೆ ಪೆನ್ಷನ್ ಬರುವ ಪ್ರಾಯ ಆಗಿದೆ" ಎಂದರು. ಅಪ್ಪ ಕೇಳಲಿಲ್ಲ. "ನನ್ನ ಮಗಳು ಮದುವೆಗೆ ಹೋಗುವುದಿದ್ದರೆ ಈ ಕಾರಿನಲ್ಲೇ" ಎಂದು ಇಡೀ ಸೊಸೈಟಿಗೆ ಕೇಳುವ ಹಾಗೆ ಹೇಳಿಬಿಟ್ಟರು. ಆಗ ಮದುವೆಗೆ ಐದು ತಿಂಗಳಿತ್ತು.

೧. ಪಾರ್ಕಿಂಗಿನಲ್ಲಿ ರಕ್ತ

ಒಂದು ಭಾನುವಾರ ಬೆಳಿಗ್ಗೆ ವಾಚ್‌ಮನ್ ಬೆಲ್ ಒತ್ತಿದ. ಮುಖ ಬಿಳುಚಿಕೊಂಡಿತ್ತು.

"ಸೇಠ್, ಆಪ್ ಕೀ ಗಾಡೀ ಕೆ ನೀಚೆ ಖೂನ್!"

ಅಪ್ಪ ಲುಂಗಿಯಲ್ಲೇ ಕೆಳಗೆ ಓಡಿದರು, ಹಿಂದೆ ನಾನು ಮತ್ತು ಅಮ್ಮ. ಆಗಲೇ ಅರ್ಧ ಬಿಲ್ಡಿಂಗು ಅಲ್ಲಿ ಸೇರಿತ್ತು. ಕಾರಿನ ಮುಂದಿನ ಚಕ್ರದ ಪಕ್ಕ, ಟೈಲ್ಸಿನ ಮೇಲೆ, ಊಟದ ತಟ್ಟೆಯಷ್ಟು ಅಗಲದ ಕಡುಗೆಂಪು ಕಲೆ. ವಾಚ್‌ಮನ್ ಅದರ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಬೇರೆ ಎಳೆದಿದ್ದ. ಟಿವಿಯ ಪತ್ತೇದಾರಿ ಸೀರಿಯಲ್ ಒಂದನ್ನೂ ಬಿಡದೆ ನೋಡುವವನು ಅವನು.

ಅಷ್ಟರಲ್ಲಿ ನಾವೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎನ್ನುವ ನೆಲಮಹಡಿಯ ಮರಾಠಿ ಹೆಂಗಸು ಹಣೆ ಬಡಿದುಕೊಳ್ಳತೊಡಗಿದರು. ಅವರ ಬೆಕ್ಕು ಮನೀ ಹಿಂದಿನ ಸಂಜೆಯಿಂದ ಕಾಣೆಯಾಗಿತ್ತು. "ಮಾಝೀ ಮನೀ! ಮಾಝೀ ಮನೀ!" ಎಂದು ಅವರು ಅಳುವುದು, ಉಳಿದವರೆಲ್ಲ ಅಪ್ಪನನ್ನು ಕೊಲೆಗಾರನ ಹಾಗೆ ನೋಡುವುದು. ನಿವೃತ್ತ ರೈಲ್ವೆ ಗುಮಾಸ್ತರಾಗಿದ್ದ ನಮ್ಮ ಸೊಸೈಟಿ ಸೆಕ್ರೆಟರಿ ಬಗ್ಗಿ ಕಾರಿನಡಿ ನೋಡಿ, ಬೆಕ್ಕು ಕಾಣದೆ, ಗಂಭೀರವಾಗಿ "ಬಾನೆಟ್ ತೆರೆಯಿರಿ" ಎಂದರು.

ಅಪ್ಪ ಬಾನೆಟ್ ಎತ್ತಿದರು. ಎಂಜಿನ್ ಪಕ್ಕದ ಜಾಗದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದ ಬೆಕ್ಕು, ಒಮ್ಮೆಲೇ ಅಷ್ಟು ಮುಖಗಳನ್ನು ಕಂಡು ಹೌಹಾರಿ, ನೇರ ಸೆಕ್ರೆಟರಿಯವರ ಎದೆಗೆ ಹಾರಿತು. ಅವರು ಕಿರುಚಿಕೊಂಡ ಸದ್ದಿಗೆ ನಾಲ್ಕನೇ ಮಹಡಿಯ ಕಿಟಕಿಗಳು ತೆರೆದವು. ಬೆಕ್ಕಿಗೆ ಒಂದು ಗೀರೂ ಆಗಿರಲಿಲ್ಲ. ಕಾಕು ಅದನ್ನು ತಬ್ಬಿಕೊಂಡು ಇನ್ನೂ ಜೋರಾಗಿ ಅತ್ತರು.

ಹಾಗಾದರೆ ಈ ರಕ್ತ? ಸೆಕ್ರೆಟರಿ ಸುಧಾರಿಸಿಕೊಂಡು ಬೆರಳದ್ದಿ ಮೂಸಿದರು. "ರಕ್ತ ನಾಹೀ ಹೇ! ತೇಲ್ ಆಹೇ! ಕಾರಿನದ್ದೇ ಎಣ್ಣೆ!"

ಎಲ್ಲರೂ ನಿಟ್ಟುಸಿರು ಬಿಟ್ಟರು. ಅಷ್ಟು ಹೊತ್ತು ಹೇಗೋ ಕಂಬದ ಹಾಗೆ ನಿಂತಿದ್ದ ಅಪ್ಪ ಮಾತ್ರ ಈಗ ಕುಸಿದು ನೆಲದ ಮೇಲೆ ಕೂತರು. "ಅಯ್ಯೋ ದೇವರೇ, ಕಾರಿನದ್ದಾ! ನಾನು ಬೆಕ್ಕಿನದ್ದು ಅಂತ ಧೈರ್ಯದಲ್ಲಿದ್ದೆ!"

ಕಾಕು ಎರಡು ತಿಂಗಳು ನಮ್ಮ ಜೊತೆ ಮಾತಾಡಲಿಲ್ಲ.

೨. ಬಲಕ್ಕೂ ನೋವು, ಎಡಕ್ಕೂ ನೋವು

ಸ್ಟೇರಿಂಗ್ ಹಗುರವಾಗಿ ತಿರುಗಬೇಕಾದರೆ ಅದಕ್ಕೆ ಒತ್ತಡದಲ್ಲಿ ಎಣ್ಣೆ ಹೋಗಬೇಕು. ಆ ಎಣ್ಣೆ ಹೋಗುವ ಪೈಪು ಸೋರುತ್ತಿತ್ತು. ಇದು ಈಗ ನಮಗೆಲ್ಲ ಬಾಯಿಪಾಠ. ಆಗ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕಾರಿನಡಿ ಒಂದು ಹಳೆಯ ಸ್ಟೀಲ್ ಟ್ರೇ ಇಟ್ಟು, ಸಮಸ್ಯೆ ಮುಗಿಯಿತು ಎಂದುಕೊಂಡರು.

ಒಂದು ದಿನ ಘೋಡಬಂದರ್ ರಸ್ತೆಯ ಒಂದು ಮಾಲಿಗೆ ಮದುವೆಯ ಬಟ್ಟೆ ನೋಡಲು ಹೋಗಿದ್ದೆವು. ಬರುವಾಗ ಯು-ಟರ್ನಿನಲ್ಲಿ ಅಪ್ಪ ಸ್ಟೇರಿಂಗ್ ತಿರುಗಿಸುತ್ತಾರೆ, ತಿರುಗಿಸುತ್ತಾರೆ, ಅದು ಅಲುಗುವುದಿಲ್ಲ. ಹಣೆಯಲ್ಲಿ ಬೆವರು, ಮುಖ ಕೆಂಪು, ಹಲ್ಲು ಕಚ್ಚಿಕೊಂಡಿದ್ದಾರೆ. ಹಿಂದಿನಿಂದ ಹಾರ್ನೋ ಹಾರ್ನು. ಹೇಗೋ ಕಾರನ್ನು ಬದಿಗೆ ತಂದು ನಿಲ್ಲಿಸಿ ಭುಜ ಹಿಡಿದುಕೊಂಡರು.

"ಎಂತಾಯ್ತು?" ಅಮ್ಮನ ದನಿ ಒಡೆದಿತ್ತು.

"ಕೈಯಲ್ಲಿ ಶಕ್ತಿಯೇ ಇಲ್ಲ ಮಾರಾಯ್ತಿ. ಎಡಗೈ ಪೂರ್ತಿ ಸೆಳೆಯುತ್ತಾ ಉಂಟು."

ಎಡಗೈ ಎಂಬ ಮಾತು ಕೇಳಿದ್ದೇ ಅಮ್ಮ ಮಂಜುನಾಥನಿಗೆ ಹರಕೆ ಹೊತ್ತರು. ನಾನು ಕೈ ತೋರಿಸಿ ರಿಕ್ಷಾ ನಿಲ್ಲಿಸಿ, ಇಬ್ಬರನ್ನೂ ಅದರಲ್ಲಿ ಕೂರಿಸಿಕೊಂಡು ನೌಪಾಡಾದ ಡಾಕ್ಟರರ ಬಳಿ ಓಡಿದೆ. ಅವರು ನಮ್ಮ ಊರಿನ ಕಡೆಯವರೇ, ಹೋಟೆಲಿನ ಹಳೆಯ ಗಿರಾಕಿ. ಕೂಡಲೇ ಮಲಗಿಸಿ ಇಸಿಜಿ ತೆಗೆದರು. ಕಾಗದದ ಪಟ್ಟಿಯನ್ನು ಎರಡು ಸಲ ನೋಡಿದರು. ಹುಬ್ಬು ಗಂಟಿಕ್ಕಿದರು. 

"ನೋವು ಯಾವಾಗ ಬರ್ತದೆ?"

"ಬಲಕ್ಕೆ ಹೋಗುವಾಗ, ಡಾಕ್ಟ್ರೇ."

"ಬಲಕ್ಕೆ? ಎಡಕ್ಕೆ ಹೋಗುವಾಗ?"

"ಎಡಕ್ಕೂ ಉಂಟು."

"ನೇರ ಹೋಗುವಾಗ?"

"ನೇರ ಹೋಗುವಾಗ ಏನಿಲ್ಲ. ಫಸ್ಟ್ ಕ್ಲಾಸ್!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಭಾರ ಏನಾದರೂ ಎತ್ತಿದ್ದೀರಾ ಇತ್ತೀಚೆಗೆ?"

"ಇವತ್ತು ಬೆಳಿಗ್ಗೆ ಗ್ರೈಂಡರ್ ಕಲ್ಲು ಎತ್ತಿ ತೊಳೆದಿದ್ದೇನೆ. ಆಗ ಎಂತ ಸಹ ಆಗಲಿಲ್ಲ."

ಇಷ್ಟು ಕೇಳಿದ ಮೇಲೆ ಅವರು ಎದ್ದರು. "ನಿಮ್ಮ ಹಾರ್ಟ್ ಕುದುರೆಯ ಹಾಗೆ ಉಂಟು. ನಡೆಯಿರಿ, ನಾನೊಮ್ಮೆ ಆ ಕಾರು ನೋಡ್ತೇನೆ." ಅವರಿಗೂ ಹಳೆಯ ಕಾರುಗಳ ಹುಚ್ಚು ಎಂದು ಆಮೇಲೆ ಗೊತ್ತಾಯಿತು. ತಮ್ಮದೇ ಗಾಡಿಯಲ್ಲಿ ನಮ್ಮನ್ನು ಕರೆದುಕೊಂಡು ಬಂದು, ಅಪ್ಪನ ಸೀಟಿನಲ್ಲಿ ಕೂತು, ಎಂಜಿನ್ ಚಾಲೂ ಮಾಡಿ, "ಹೀಗಲ್ಲವಾ ತಿರುಗಿಸುವುದು?" ಎಂದು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜಗ್ಗಿದರು.

ಕಟ್ ಎಂಬ ಸದ್ದು ಬಂತು. ಕಾರಿನದ್ದಲ್ಲ.

ಹೃದಯಾಘಾತ ಎಂದು ದವಾಖಾನೆಗೆ ಹೋದ ಅಪ್ಪ ಮಾರನೇ ದಿನವೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಡಾಕ್ಟರು ಹದಿನೈದು ದಿನ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಎಡಗೈಯಲ್ಲಿ ಇಡ್ಲಿ ತಿಂದರು.

೩. ಅರಿಶಿನದ ಅಂಗಿ

ಡಾಕ್ಟರರೇ ಕಲ್ಯಾಣದ ಒಬ್ಬ ಮೆಕ್ಯಾನಿಕ್ಕನ ವಿಳಾಸ ಕೊಟ್ಟರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಎಣ್ಣೆ ತುಂಬಿಸಿದರೆ ಕಾರು ಒಂದಷ್ಟು ಹೊತ್ತು ಸರಿಯಾಗಿ ತಿರುಗುತ್ತಿತ್ತು. ಹಾಗಾಗಿ ಒಂದು ದಿನ ಎರಡು ಡಬ್ಬಿ ಎಣ್ಣೆ ಇಟ್ಟುಕೊಂಡು ನಾನೂ ಅಪ್ಪನೂ ಹೊರಟೆವು. ಆ ದಿನವೇ ಕಲ್ಯಾಣದಲ್ಲಿ ಅಪ್ಪನ ಹಳೆಯ ಸ್ನೇಹಿತರೊಬ್ಬರ ಹದಿಮೂರನೇ ದಿನದ ಕ್ರಿಯೆಯ ಊಟವಿತ್ತು. ಅವರೂ ಹೋಟೆಲಿನವರು, ಒಳ್ಳೆಯ ಶೋಕಿಯ ಮನುಷ್ಯ. ಅಪ್ಪ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟಿದ್ದರು. "ಹತ್ತು ನಿಮಿಷ ತೋರಿಸಿ ಹೋಗುವ" ಎಂದರು.

ಉಸ್ತಾದ್ ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಣ್ಣೆ ನೂಕುವ ಪಂಪಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡು ಕೇಳಿದರು. ಆಮೇಲೆ ನನ್ನನ್ನು ಸೀಟಿನಲ್ಲಿ ಕೂರಿಸಿ, "ಬೇಟಾ, ಸ್ಟೇರಿಂಗ್ ಪೂರಾ ಘುಮಾಓ" ಎಂದರು. ಅಪ್ಪನಿಗೆ, "ಸೇಠ್, ದೂರ್ ಖಡೇ ರಹೋ."

ಅಪ್ಪ ದೂರ ನಿಲ್ಲುವ ಜನವಲ್ಲ. ಸೋರುವುದು ಎಲ್ಲಿಂದ ಎಂದು ನೋಡಲು ಬಗ್ಗಿದರು. ನಾನು ಸ್ಟೇರಿಂಗನ್ನು ಕೊನೆಯವರೆಗೂ ತಿರುಗಿಸಿ ಹಿಡಿದೆ. ಫಟ್ ಎಂದಿತು. ಎತ್ತಿದ ಬಾನೆಟ್ಟಿನಿಂದಾಗಿ ನನಗೆ ಏನೂ ಕಾಣಲಿಲ್ಲ, "ಅಯ್ಯಮ್ಮಾ!" ಎಂಬ ಕೂಗು ಮಾತ್ರ ಕೇಳಿಸಿತು. ಇಳಿದು ನೋಡಿದರೆ ತಲೆಯಿಂದ ಹೊಟ್ಟೆಯವರೆಗೆ ಕೆಂಪೆಣ್ಣೆ ಇಳಿಯುತ್ತಿದ್ದ ಅಪ್ಪ, ಕಣ್ಣು ಮಾತ್ರ ಬಿಳಿ.

"ಪೈಪ್ ಗಯಾ," ಎಂದರು ಉಸ್ತಾದ್ ಶಾಂತವಾಗಿ.

ಊಟದ ಹೊತ್ತು ಮೀರುತ್ತಿತ್ತು. ಮನೆಗೆ ಹೋಗಿ ಬರಲು ಸಮಯವಿಲ್ಲ. ಉಸ್ತಾದರ ಬಳಿ ಸಂಜೆ ಯಾರದೋ ಹಳದಿ ಸಮಾರಂಭಕ್ಕೆ ಹಾಕಿಕೊಳ್ಳಲು ತಂದಿಟ್ಟ ಹೊಸ ಜೊತೆ ಬಟ್ಟೆಯಿತ್ತು. ನಮ್ಮ ಕಡೆ ಮದುವೆಯ ಹಿಂದಿನ ದಿನದ ಅರಿಶಿನ ಎಂದರೆ ಎರಡು ಹಾಡು, ಒಂದು ಆರತಿ. ಕಲ್ಯಾಣದ ಕಡೆ ಹಳದಿ ಎಂದರೆ ಡಿಜೆ, ಕುಣಿತ, ಊರೆಲ್ಲ ಹಳದಿ. ಅಪ್ಪನಿಗೆ ಬೇರೆ ದಾರಿಯಿರಲಿಲ್ಲ.

ಸಾವಿನ ಮನೆಯ ಬಾಗಿಲಲ್ಲಿ ಅಪ್ಪ ಮಿರಿಮಿರಿ ಮಿಂಚುವ ಹಳದಿ ಸ್ಯಾಟಿನ್ ಅಂಗಿಯಲ್ಲಿ ಕಾಣಿಸಿಕೊಂಡಾಗ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಬೆನ್ನ ಮೇಲೆ ಗರಿ ಬಿಚ್ಚಿದ ನವಿಲು ಇದೆ ಎಂಬುದು ಅವರು ಫೋಟೋಕ್ಕೆ ಕೈಮುಗಿಯಲು ತಿರುಗಿದಾಗ ಎಲ್ಲರಿಗೂ ಗೊತ್ತಾಯಿತು. ಬಡಿಸುತ್ತಿದ್ದವರ ಕೈಯ ಸೌಟು ಗಾಳಿಯಲ್ಲೇ ನಿಂತಿತು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಆಗ ಮೂಲೆಯಲ್ಲಿ ಒಂದು ವಿಚಿತ್ರ ಸದ್ದು. ಹದಿಮೂರು ದಿನದಿಂದ ಯಾರ ಬಳಿಯೂ ಮಾತಾಡದೆ ಕೂತಿದ್ದ, ತೀರಿಹೋದವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದರು: "ಇವರು ಇದ್ದಿದ್ದರೆ ಆ ಅಂಗಿಯನ್ನು ನಿಮ್ಮ ಮೈಯಿಂದಲೇ ಬಿಚ್ಚಿಸಿಕೊಳ್ಳುತ್ತಿದ್ದರು."

೪. ಬೇವಾರಸ್ ಚೀಲ

ಒಡೆದ ಪೈಪು ಎಲ್ಲೆಂದರಲ್ಲಿ ಸಿಗುವ ಮಾಲಲ್ಲ. ಡೊಂಬಿವಲಿಯ ಫ್ಯಾಕ್ಟರಿಗಳ ಕಡೆ ದೊಡ್ಡ ಯಂತ್ರಗಳಿಗೆ ಪೈಪು ಮಾಡಿಕೊಡುವ ಅಂಗಡಿಯಿದೆ, ಹಳೆಯದನ್ನು ಮಾದರಿಗೆ ಒಯ್ದರೆ ಹಾಗೆಯೇ ಮಾಡಿಕೊಡುತ್ತಾರೆ ಎಂದರು ಉಸ್ತಾದ್. ಕಾರು ಅಲ್ಲೇ ಉಳಿಯಿತು. ಮಾರನೇ ದಿನ ಅಪ್ಪ ಕಲ್ಯಾಣಕ್ಕೆ ಹೋಗಿ, ಪೈಪನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಲೋಕಲ್ ಹತ್ತಿ ಡೊಂಬಿವಲಿಯಲ್ಲಿ ಇಳಿದರು. ನಾನು ಠಾಣೆಯಲ್ಲಿ ಆಫೀಸಿನಲ್ಲಿದ್ದೆ.

ಮಧ್ಯಾಹ್ನ ಅಪ್ಪನ ಫೋನು ಬಂತು. ಹಿಂದೆ ಸೀಟಿ, ಗದ್ದಲ.

"ಮಗಾ, ನೀನು ಇವತ್ತು ಟ್ರೇನಿನಲ್ಲಿ ಬರಬೇಡ! ಇಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಯಾರೋ ಬೇವಾರಸ್ ಚೀಲ, ಯಾರದೆಂದೇ ಗೊತ್ತಿಲ್ಲ, ಇಟ್ಟು ಹೋಗಿದ್ದಾರೆ. ಪೊಲೀಸರು ಎಲ್ಲರನ್ನೂ ದೂರ ಸರಿಸಿದ್ದಾರೆ. ನಾಯಿ ಸಹ ಬಂದಿದೆ!"

 ಲೋಕಲ್ ಟ್ರೇನುಗಳಲ್ಲಿ ಬಾಂಬು ಸಿಡಿದ ಮೇಲೆ, ಆಗಿನ ದಿನಗಳಲ್ಲಿ ಆ ಮಾತಿಗೆ ಯಾರೂ ನಗುತ್ತಿರಲಿಲ್ಲ. "ಅಪ್ಪ, ನೀವು ಅಲ್ಲಿಂದ ಹೊರಡಿ ಮೊದಲು!"

"ನಾನು ದೂರವೇ ಇದ್ದೇನೆ. ಚಾ ಕುಡಿಯಲು ಹೋಗಿದ್ದೆ, ಬರುವಾಗ ಇಷ್ಟು ಜನ. ಹತ್ತಿರ ಹೋಗುವವರನ್ನು ನಾನೇ ಹಿಂದೆ ಎಳೆಯುತ್ತಾ ಇದ್ದೇನೆ. ಜನರಿಗೆ ಬುದ್ಧಿಯೇ ಇಲ್ಲ ಮಾರಾಯ್ತಿ. ಚೀಲದಿಂದ ಎಂತದೋ ಕೆಂಪಾಗಿ ಬೇರೆ ಇಳಿಯುತ್ತಾ ಉಂಟು."

 ನಾನು ಮೆಲ್ಲಗೆ ಕೇಳಿದೆ, "ಅಪ್ಪ, ಪೈಪು ಎಲ್ಲಿದೆ?"

 ಆ ಕಡೆಯಿಂದ ಸೀಟಿ ಕೇಳುತ್ತಿತ್ತು.

"...ಪೈಪು?"

ಮುಂದಿನದನ್ನು ಅಪ್ಪ ಹೇಳಿ ಗೊತ್ತು. ಎರಡೂ ಕೈ ಮೇಲೆತ್ತಿಕೊಂಡು ಗುಂಪಿನಿಂದ ಹೊರಬಂದು, "ಸಾಹೇಬ್, ಮಾಝಾ ಆಹೇ" ಎಂದು ಚೀಲ ತಮ್ಮದೆಂದು ಒಪ್ಪಿಕೊಂಡರಂತೆ. ಅಷ್ಟರಲ್ಲಿ ನಾಯಿ ಚೀಲ ಮೂಸಿ, ನಾಲ್ಕು ಸಲ ಸೀನಿ, ಎಣ್ಣೆಯಾದ ಮೂತಿಯನ್ನು ಇನ್ಸ್‌ಪೆಕ್ಟರರ ಇಸ್ತ್ರಿ ಮಾಡಿದ ಪ್ಯಾಂಟಿಗೆ ಒರೆಸಿತ್ತು. ಅವರು ಕೆಂಡವಾಗಿದ್ದರು. "ಅರ್ಧ ಗಂಟೆಯಿಂದ ಇಲ್ಲೇ ನಿಂತು ನೋಡುತ್ತಿದ್ದೀಯಲ್ಲ, ಮೊದಲೇ ಬಂದು ಹೇಳಲು ಏನಾಗಿತ್ತು?"

ಅಪ್ಪ ಕೈಮುಗಿದು ಸತ್ಯವನ್ನೇ ಹೇಳಿದರು. "ಸಾಹೇಬ್, ನೀವು ಹತ್ತಿರ ಬರಬೇಡಿ ಅಂದಿರಿ."

೫. ಗ್ಯಾರಂಟಿ

ಪೈಪಿನ ಅಂಗಡಿಯವರು ಗದಗದ ಕಡೆಯವರು. ಕನ್ನಡ ಕೇಳಿ ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಅವರು ಪೈಪನ್ನು ಬೆಳಕಿಗೆ ಹಿಡಿದು ನೋಡಿ, "ಏನ್ರೀ ಇದು, ಯಾವ ಕಾಲದ್ದರೀ?" ಎನ್ನುತ್ತಲೇ ಕಟಿಂಗ್ ಮಷೀನಿಗೆ ಕೊಟ್ಟು ಎರಡೂ ತುದಿಗಳನ್ನು ಕತ್ತರಿಸಿಬಿಟ್ಟರು.

"ಅಯ್ಯೋ! ಇದ್ದದ್ದು ಅದೊಂದೇ!" ಅಪ್ಪ ಎದೆ ಹಿಡಿದುಕೊಂಡರು.

"ಸುಮ್ಮನಿರ್ರೀ ಯಜಮಾನ್ರ. ತುದೀವು ಕಬ್ಬಿಣದ ಬಾಯಿ ಹಳೇವ ಇರಬೇಕು, ನಡುವಿನ ರಬ್ಬರಷ್ಟ ಹೊಸಾದು." ಮಣ್ಣು ತೋಡುವ ಯಂತ್ರಗಳಿಗೆ ಹಾಕುವ, ಒಳಗೆ ತಂತಿಯ ಜಾಳಿಗೆಯಿದ್ದ ದಪ್ಪ ಪೈಪನ್ನು ಅಳೆದು ಕತ್ತರಿಸಿ, ಹಳೆಯ ಬಾಯಿಗಳಿಗೆ ಹೊಸ ಕಬ್ಬಿಣದ ಕೊಳವೆ ತುಂಡು ಬೆಸೆದು ಪೈಪಿನೊಳಗೆ ಕೂರಿಸಿ, ಪ್ರೆಸ್ಸಿನಲ್ಲಿ ಒತ್ತಿ ಬಿಗಿದು ಅಪ್ಪನ ಕೈಗಿಟ್ಟರು.

ಅಪ್ಪ ಅದನ್ನು ಮಗುವಿನ ಹಾಗೆ ಹಿಡಿದುಕೊಂಡು ಕೇಳಿದರು, "ಎಷ್ಟು ವರ್ಷ ಬಂದೀತು?"

"ನೂರು ವರ್ಷ ಬರತೈತ್ರೀ. ಅದರ ಸುತ್ತ ಕಾರು ಉಳದಿರಬೇಕು, ಅಷ್ಟ."

೬. ಮೊದಲನೆಯ ಗೇಟು

ಆದರೆ ಉಸ್ತಾದರು ಊರಿಗೆ ಹೋದವರು ಬೇಗ ಬರಲೇ ಇಲ್ಲ. ಪೈಪು ಸಿದ್ಧವಿದ್ದರೂ ಕೂರಿಸುವವರಿಲ್ಲ. ಹೊಸ ಪೈಪಿಗೆ ಬೇರೆಯವರು ಕೈಹಾಕಲು ಅಪ್ಪ ಬಿಡಲಿಲ್ಲ. ಉಸ್ತಾದರ ಗ್ಯಾರೇಜಿನ ಹುಡುಗನಿಂದ ಪಂಪಿನ ಬೆಲ್ಟ್ ಬಿಚ್ಚಿಸಿ, ಪೈಪಿಲ್ಲದ ಜಾಗಕ್ಕೆ ಏನೋ ಮುಚ್ಚಳ ಹಾಕಿಸಿ, ಎಣ್ಣೆಯ ಹಂಗೇ ಇಲ್ಲದೆ, ಬರೀ ತೋಳ್ಬಲದಿಂದ ಕಾರು ತಿರುಗಿಸುತ್ತ ಮೂರು ತಿಂಗಳು ಓಡಿಸಿದರು. ತೋಳು ಪೈಲ್ವಾನರದ್ದಾಯಿತು. ಮದುವೆಯ ಹಿಂದಿನ ದಿನ ಉಸ್ತಾದ್ ಬಂದು ಹೊಸ ಪೈಪು ಕೂರಿಸಿ, ಎಣ್ಣೆ ತುಂಬಿ, ಪೈಪಿನೊಳಗಿನ ಗಾಳಿ ತೆಗೆದು, "ಸೇಠ್, ಅಬ್ ಏಕ್ ಉಂಗ್ಲೀ ಸೇ" ಎಂದು ಕಿರುಬೆರಳಿನಲ್ಲಿ ತಿರುಗಿಸಿ ತೋರಿಸಿದರು.

ಅಪ್ಪನಿಗೆ ಅರ್ಥವಾಯಿತು. ಅಪ್ಪನ ತೋಳಿಗೆ ಅರ್ಥವಾಗಲಿಲ್ಲ.

ಮದುವೆ ನವಿ ಮುಂಬಯಿಯ ಒಂದು ಹಾಲಿನಲ್ಲಿ. ಅಪ್ಪ ಜರಿ ಪಂಚೆಯುಟ್ಟು ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ಅಮ್ಮ, ಹಿಂದೆ ತಲೆತುಂಬ ಮಲ್ಲಿಗೆ ಹೊತ್ತು ನಾನೊಬ್ಬಳೇ. ಕಿಟಕಿಗಳಿಗೆಲ್ಲ ಹೂವಿನ ಮಾಲೆ ಇಳಿಬಿಟ್ಟಿದ್ದರಿಂದ ಒಳಗಿದ್ದವರು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹೆದ್ದಾರಿಯಲ್ಲಿ ನೇರ ಬಂದದ್ದು ಚೆನ್ನಾಗಿಯೇ ಬಂತು. ಹಾಲ್ ಇದ್ದ ಬೀದಿಯಲ್ಲಿ ಅಕ್ಕಪಕ್ಕ ಒಂದೇ ಥರದ ಎರಡು ಗೇಟು. ನಮ್ಮದು ಎರಡನೆಯದು. ಮೊದಲನೆಯದರ ಎದುರು ಒಂದು ಟೆಂಪೋ ನಿಂತಿತ್ತು. ಅದನ್ನು ಸ್ವಲ್ಪ ತಪ್ಪಿಸೋಣವೆಂದು ಅಪ್ಪ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ಇಡೀ ಮೈಯ ಶಕ್ತಿಯಿಂದ ಸ್ಟೇರಿಂಗ್ ಎಳೆದರು.

ಕಾರು ಬುಗುರಿಯಂತೆ ತಿರುಗಿತು. ಅಮ್ಮ "ನಾರಾಯಣಾ!" ಎಂದು ಕೂಗಿದರು. ಕಣ್ಣು ಬಿಟ್ಟಾಗ ನಾವು ಯಾವುದಕ್ಕೂ ತಾಗದೆ, ಯಾರೋ ಕರೆತಂದು ನಿಲ್ಲಿಸಿದ ಹಾಗೆ, ಮೊದಲನೆಯ ಗೇಟಿನ ಒಳಗೆ ರೆಡ್ ಕಾರ್ಪೆಟ್ಟಿನ ತುದಿಯಲ್ಲಿದ್ದೆವು.

ಅದು ಒಂದು ಗುಜರಾತಿ ಮದುವೆ. ಅವರ ವರ ಹೂವಿನಿಂದ ಅಲಂಕರಿಸಿದ ಹಳೆಯ ವಿದೇಶಿ ಕಾರಿನಲ್ಲಿ ಬರುವುದೆಂದು ಗೊತ್ತಾಗಿತ್ತು. ಎಲ್ಲರೂ ಅದಕ್ಕೇ ಕಾದಿದ್ದರು. ಬ್ಯಾಂಡು ಒಮ್ಮೆಲೇ ಬಾರಿಸತೊಡಗಿತು. ಐವತ್ತು ಜನ ಕಾರಿನ ಸುತ್ತ ಕುಣಿಯತೊಡಗಿದರು. ಹಿಂದೆ ಹೋಗೋಣವೆಂದರೆ ಹಿಂದೆಯೂ ಕುಣಿತ. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಹಮಾರಾ ಸ್ಟೇರಿಂಗ್ ಪೈಪ್ ನಯಾ ಹೈ!" ಎಂದು ಕೂಗಿದರು. ಯಾರೋ ಅವರ ಬಾಯಿಗೆ ಪೇಡಾ ತುರುಕಿದರು.

ಗುಜರಾತಿಗಳಲ್ಲಿ ವರ ಬಾಗಿಲಿಗೆ ಬಂದಾಗ ಅತ್ತೆಯಾಗುವವಳು ತಮಾಷೆಗೆ ಅವನ ಮೂಗು ಹಿಡಿಯುವ ಶಾಸ್ತ್ರವಿದೆ. ಅವನು ಮೊದಲೇ ಎಚ್ಚರವಾದರೆ ತಪ್ಪಿಸಿಕೊಳ್ಳುತ್ತಾನೆ. ಹಾಗಾಗಿ ಆ ಅತ್ತೆ ಜಾಣತನ ಮಾಡಿದರು. ವರ ಇಳಿಯುವವರೆಗೂ ಕಾಯದೆ, ಹೂವಿನ ಮಾಲೆಗಳ ನಡುವಿನಿಂದ ಕೈ ಒಳಹಾಕಿ, ತಡವಿ, ನನ್ನ ಮೂಗನ್ನು ಗಟ್ಟಿಯಾಗಿ ಹಿಡಿದರು.

ಹೊರಗೆ ಚಪ್ಪಾಳೆ, ಕೇಕೆ. ಆ ಕೈ ಒಂದು ಸಲ ಎಳೆಯಿತು. ಆಮೇಲೆ ಬೆರಳಿಗೆ ನನ್ನ ಮೂಗುಬೊಟ್ಟು ಸಿಕ್ಕಿತು. ಬೆರಳು ಅದನ್ನು ಮತ್ತೊಮ್ಮೆ ಮುಟ್ಟಿ ನೋಡಿತು. ಮಾಲೆಗಳನ್ನು ಸರಿಸಿ ಒಂದು ಮುಖ ಒಳಗೆ ಇಣುಕಿತು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಇಬ್ಬರೂ ಒಟ್ಟಿಗೆ ಕಿರುಚಿದೆವು.

ಬ್ಯಾಂಡು ನಿಂತಿತು. ಅದೇ ಹೊತ್ತಿಗೆ ನಿಜವಾದ ವರನ ಕಾರು ಗೇಟಿನಲ್ಲಿ ಬಂದು ನಿಂತಿತು. ಕಾರ್ಪೆಟ್ಟಿನ ಮೇಲೆ ಮದುಮಗಳ ಸಿಂಗಾರದಲ್ಲಿ ಇನ್ಯಾವಳೋ ಹುಡುಗಿ ಕೆಂಪು ಮೂಗು ಹಿಡಿದುಕೊಂಡು ಇಳಿಯುವುದನ್ನು ಕಂಡ ವರನ ತಾಯಿ ಮಗನ ಕಡೆ ತಿರುಗಿದರು. "ಆ ಕೋಣ್ ಛೇ?" ಅವರ ವಧು ಮೇಲಿನ ಕಿಟಕಿಯಿಂದ ಅದನ್ನೇ, ಇವಳು ಯಾರು ಎಂದು, ಕೇಳುತ್ತಿದ್ದಳು, ಇನ್ನೂ ಜೋರಾಗಿ. ವರ ಬೆವರುತ್ತ ತಾಯಿಯ ತಲೆ ಮುಟ್ಟಿ ಆಣೆ ಹಾಕತೊಡಗಿದ. ಒಂದು ನಿಮಿಷ ಎರಡು ಮದುವೆಗಳೂ ನಿಂತುಹೋಗುವ ಹಾಗಿತ್ತು. ಅಮ್ಮ ಇಳಿದು, ನಮ್ಮ ಲಗ್ನಪತ್ರಿಕೆ ತೆಗೆದು ಹಾಲಿನ ಹೆಸರು ತೋರಿಸಿದ ಮೇಲೆ ಮೂಗು ಹಿಡಿದ ಅತ್ತೆ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. "ಮಗಳು ನಮ್ಮ ಬಾಗಿಲಿಗೆ ಬಂದವಳು, ಹಾಗೇ ಕಳಿಸುವುದಾ?" ಎಂದು ಅವರು ನನ್ನ ಹಣೆಗೆ ತಿಲಕವಿಟ್ಟು, ಕೊರಳಿಗೆ ಗುಲಾಬಿ ಹಾರ ಹಾಕಿ, ಬ್ಯಾಂಡಿನವರನ್ನು ಮುಂದೆ ಬಿಟ್ಟು, ಕುಣಿಯುತ್ತ ಪಕ್ಕದ ಗೇಟಿಗೆ ಬಿಟ್ಟುಬರಲು ಹೊರಟರು. ಒಳಗೆ ಹೋಗಲು ಜಾಗ ಸಿಗದ ಅವರ ವರನ ಕಾರೂ ಮೆರವಣಿಗೆಯ ಜೊತೆಗೇ ಬಂತು.

ನಮ್ಮ ಬೀಗರು ಉಡುಪಿಯ ಶಾಂತ ಜನ. ಬ್ಯಾಂಡ್ ಬೇಡ, ಕುಣಿತ ಬೇಡ, ಎಲ್ಲ ಸರಳವಾಗಿರಲಿ ಎಂದು ಮೊದಲೇ ಮಾತಾಗಿತ್ತು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆಯ ಕಣ್ಣಿಗೆ ಬಿದ್ದದ್ದು ಬ್ಯಾಂಡು, ಕುಣಿಯುವ ಐವತ್ತು ಗುಜರಾತಿಗಳು, ಹಾರ ಹಾಕಿಕೊಂಡ ನಾನು, ನನ್ನ ಬೆನ್ನಿಗೇ ಪೇಟ ಕಟ್ಟಿಕೊಂಡು ಕಾರಿನಿಂದಿಳಿದ ಒಬ್ಬ ವರ. ಅವರು ಆರತಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

ನನ್ನನ್ನು ಮದುವೆಯಾಗಬೇಕಾದವರು ಸದ್ದು ಕೇಳಿ ಬಾಸಿಂಗ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ನನ್ನನ್ನು ನೋಡಿದರು. ಹಾರ ನೋಡಿದರು. ಪಕ್ಕದಲ್ಲಿದ್ದ ವರನನ್ನು ನೋಡಿದರು. ಆಮೇಲೆ ಕೈಗಡಿಯಾರ ನೋಡಿಕೊಂಡು, ತುಂಬ ಮರ್ಯಾದೆಯಿಂದ ಕೇಳಿದರು:

"ನಾನು ಬಂದದ್ದು ತಡವಾಯಿತಾ?"